ಕ್ವಿನ್ಸ್ ಬೀದಿಯ ತಿಳಿ ಬಣ್ಣ

ಟಾಲ್ಮನ್ ಫೆರಿ, ಒಹಾಯೊ
ಮಾರ್ಚ್ 4, 2018

ಪುಟ್ಟಿ ಕಾರ್ಲಿಸ್,

ನೀನು ಕಳಿಸಿದ ನಕ್ಷೆ ಬಂತು. ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಬೀನ್ಸ್ ಡಬ್ಬಿ ಇಟ್ಟು ನೋಡಿದೆ. ಕಾರಿನ ಬಣ್ಣದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಣ್ಣ ಹೊಂದಿಸಿದ ಕಣ್ಣು ಇದು, ಸುಮ್ಮನೆ ಯಾರನ್ನೂ ಹೊಗಳುವುದಿಲ್ಲ. ಕೆನೆಬಣ್ಣದಿಂದ ಕಡುಗೆಂಪಿಗೆ ಏಳು ಮೆಟ್ಟಿಲು ಇಳಿಸಿದ್ದೀಯಲ್ಲ, ಒಂದು ಮೆಟ್ಟಿಲೂ ಎಡವಿಲ್ಲ. ಮಕ್ಕಳ ರಕ್ತದಲ್ಲಿ ಸೀಸದ ವಿಷ ಎಲ್ಲಿ ಹೆಚ್ಚು, ಎಲ್ಲಿ ಕಮ್ಮಿ ಅಂತ ಹೇಳಲು ನಿನಗೆ ಒಂದು ಮಾತೂ ಬೇಕಾಗಿಲ್ಲ.

ನಮ್ಮ ಕ್ವಿನ್ಸ್ ಬೀದಿಯ ಚೌಕ ಎಲ್ಲಕ್ಕಿಂತ ತಿಳಿ. ಅದನ್ನು ನೋಡಿ ಕುಣಿಯುವುದೊಂದು ಬಾಕಿ. ಊರಿನ ಹೊಗೆಯೆಲ್ಲ ನಮ್ಮ ಮೂಗಿಗೇ ಬಡಿಯುತ್ತಿತ್ತು. ಬೆಟ್ಟದ ಮೇಲಿನವರು ನಮ್ಮನ್ನು ಕೊಳಕು ಅಂತಲೇ ಕರೆದರು. ಈಗ ನೋಡು, ಅವರ ಬೀದಿ ಗುಲಾಬಿ, ನಮ್ಮದು ಕೆನೆ. ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಹೇಳಿದೆ. ನಮ್ಮ ಕ್ಲಿನಿಕ್ಕಿನ ನರ್ಸ್ ಪ್ರೂಯಿಟ್ ಕೂಡ ಇದೇ ನಕ್ಷೆಯನ್ನು ಗೋಡೆಗೆ ಹಚ್ಚಿದ್ದಾಳೆ. ನನ್ನದು ಅಡುಗೆಮನೆಯಲ್ಲಿ ತೂಗುತ್ತಿದೆ, ಒಲೆಯ ಎದುರಿಗೇ.

ಮಹಡಿಯ ಬಾಡಿಗೆಯ ಹುಡುಗಿ ಶನೆಲ್ ನಿನ್ನನ್ನು ಕೇಳಿದಳು. ಅವಳ ಮಗಳು ನೈಲಾಗೆ ಎರಡು ತುಂಬಿತು. ಹಲ್ಲು ಬಂದಾಗಿನಿಂದ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ನನ್ನ ಬೆರಳನ್ನೂ ಬಿಟ್ಟಿಲ್ಲ.

ಡೆನ್ವರಿನ ಸಮ್ಮೇಳನದಲ್ಲಿ ಏನು ಮಾತಾಡಿದೆ, ಬರೆ. ಫೋನು ಮಾಡಬೇಡ. ಮಾರುವವರ ಕಾಟಕ್ಕೆ ಅದರ ತಂತಿ ಕಿತ್ತಿಟ್ಟಿದ್ದೇನೆ. ಫೋನಿನಲ್ಲಾದರೆ ನೀನು ಏನೋ ಕೆಲಸ ಮಾಡುತ್ತಲೇ ಹ್ಞೂಂ ಹ್ಞೂಂ ಅನ್ನುತ್ತೀ. ಕಾಗದದಲ್ಲಿ ಹಾಗೆ ತಪ್ಪಿಸಿಕೊಳ್ಳಲಾಗುವುದಿಲ್ಲ.

ನಿನ್ನ ದೊಡ್ಡಮ್ಮ,
ವರ್ನೆಲ್


ಶಿಕಾಗೊ
ಮಾರ್ಚ್ 15, 2018

ಪ್ರೀತಿಯ ದೊಡ್ಡಮ್ಮ,

ಡೆನ್ವರಿನಲ್ಲಿ ಮುನ್ನೂರು ಜನ. ಎರಡು ಬಣ್ಣದ ನಡುವಿನ ವ್ಯತ್ಯಾಸ ಕಾಣಬೇಕಾದರೆ ಮಧ್ಯೆ ಒಂದು ಬೂದು ಹಲಗೆಯನ್ನು ದಿಟ್ಟಿಸಿ ಕಣ್ಣು ತೊಳೆದುಕೊಳ್ಳಬೇಕು ಅಂತ ನೀನು ಹೇಳಿಕೊಟ್ಟಿದ್ದೆಯಲ್ಲ, ಅದನ್ನೇ ಹೇಳಿದೆ. ಎಲ್ಲರೂ ಬರೆದುಕೊಂಡರು. ನನಗೆ ಗೊತ್ತಿರುವ ಹಳೆಯ ಕೆಲಸಗಾರರೊಬ್ಬರು ಹೇಳಿದ್ದು ಅಂದೆ.

ಇನ್ನೊಂದು ಸುದ್ದಿ. ಜೂನಿನಲ್ಲಿ ಮಿನಿಯಾಪೊಲಿಸ್‌ನಲ್ಲಿ ನಕ್ಷೆ ಮಾಡುವ ನಮ್ಮ ಕಸುಬಿನವರ ದೊಡ್ಡ ಸಮ್ಮೇಳನ. ಸೀಸದ ನಕ್ಷೆಗೆ ಪ್ರಶಸ್ತಿ ಬಂದಿದೆ. ಮುಖ್ಯ ವೇದಿಕೆಯಲ್ಲಿ ನಲವತ್ತು ನಿಮಿಷ ನನಗೆ. ನಮ್ಮ ಯಜಮಾನ ಇಂಗ್ರಮ್‌ನ ಕಾಲು ನೆಲದ ಮೇಲಿಲ್ಲ.

ನಕ್ಷೆಯನ್ನು ಅಡುಗೆಮನೆಯಿಂದ ತೆಗೆ, ದೊಡ್ಡಮ್ಮ. ಆವಿಗೆ ಹಾಳಾಗುತ್ತದೆ. ಚರ್ಚಿನಲ್ಲಿ ಅದರ ಮಾತು ಇನ್ನು ಸಾಕು. ಜನ ನಕ್ಷೆಯನ್ನು ತಮಗೆ ಬೇಕಾದಂತೆ ಓದಿಕೊಂಡುಬಿಡುತ್ತಾರೆ.

ನೈಲಾಳನ್ನು ಇತ್ತೀಚೆಗೆ ಡಾಕ್ಟರಿಗೆ ತೋರಿಸಿದ್ದಾರಾ? ಸುಮ್ಮನೆ ಕೇಳಿದೆ. ಆ ವಯಸ್ಸಿಗೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿದರೆ ಒಳ್ಳೆಯದು.

ನಿನ್ನ,
ಕಾರ್ಲಿಸ್


ಟಾಲ್ಮನ್ ಫೆರಿ
ಏಪ್ರಿಲ್ 2, 2018

ಪುಟ್ಟಿ,

ಹಳೆಯ ಕೆಲಸಗಾರರೊಬ್ಬರು. ಅದು ಯಾರಪ್ಪ, ಗಡ್ಡ ಬಿಟ್ಟ ಮುದುಕನಾ? ನನಗೆ ಹೆಸರಿದೆ. ಕಾರ್ಮಿಕ ಸಂಘದ ಕಾರ್ಡಿನಲ್ಲಿ ಅಚ್ಚಾಗಿದೆ. ಇರಲಿ, ಮುನ್ನೂರು ಜನರ ಮುಂದೆ ನಾಲಿಗೆ ತೊಡರಿರಬೇಕು.

ನಕ್ಷೆ ತೆಗೆಯುವುದಿಲ್ಲ. ಪ್ರಶಸ್ತಿ ಬಂದ ಮೇಲೆ ಅದು ದೊಡ್ಡವರ ಗೋಡೆಗೆ ಮಾತ್ರ ಸಲ್ಲುವ ವಸ್ತುವಾಯಿತೋ? ನನ್ನ ಒಲೆಯ ಜಿಡ್ಡು ಅದಕ್ಕೆ ಮೈಲಿಗೆಯೋ? ನೀನು ಓದಿದ್ದು ಅದೇ ಒಲೆಯ ಪಕ್ಕ ಕೂತು. ಇಷ್ಟು ಹೇಳಿ ಬಿಟ್ಟೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನೈಲಾಳ ವಿಷಯ. ನೀನು ಬರೆದೆ ಅಂತ ಶನೆಲ್ ಅವಳನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಹೋದಳು. ಪ್ರೂಯಿಟ್ ಗೋಡೆಯ ನಕ್ಷೆ ತೋರಿಸಿ ನಕ್ಕಳಂತೆ. ಕ್ವಿನ್ಸ್ ಬೀದಿಯಾ, ನೋಡಮ್ಮ, ನಿಮ್ಮದು ಎಲ್ಲಕ್ಕಿಂತ ತಿಳಿ, ನಮ್ಮಲ್ಲಿ ಪರೀಕ್ಷೆಯ ಪೊಟ್ಟಣ ಇರುವುದೇ ಕಮ್ಮಿ, ಕೆಂಪು ಬೀದಿಯ ಮಕ್ಕಳದು ಮುಗಿಯಲಿ ಅಂದಳಂತೆ. ಶನೆಲ್ ಖುಷಿಯಲ್ಲಿ ಬಂದು ಹೇಳಿದಳು. ನಿನ್ನ ನಕ್ಷೆ ಒಂದು ಮಗುವಿಗೆ ಸೂಜಿಯ ನೋವು ತಪ್ಪಿಸಿತು, ತಿಳಿದುಕೋ.

ವರ್ನೆಲ್


ಶಿಕಾಗೊ
ಏಪ್ರಿಲ್ 6, 2018

ದೊಡ್ಡಮ್ಮ,

ಇದನ್ನು ಜರೂರು ಟಪಾಲಿನಲ್ಲಿ ಕಳಿಸುತ್ತಿದ್ದೇನೆ. ಓದಿದ ಕೂಡಲೇ ನೈಲಾಳನ್ನು ಕೌಂಟಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸು. ಕ್ಲಿನಿಕ್ಕಿಗೆ ಕಾಯಬೇಡ.

ಕೆನೆಬಣ್ಣ ಅಂದರೆ ಅಲ್ಲಿ ಸೀಸ ಇಲ್ಲ ಅಂತ ಅಲ್ಲ. ಒಂದು ಚೌಕದಲ್ಲಿ ಹತ್ತು ಮಕ್ಕಳಿಗಿಂತ ಕಮ್ಮಿ ಪರೀಕ್ಷೆಯಾಗಿದ್ದರೆ ಆ ಅಂಕಿಯನ್ನು ತೋರಿಸುವ ಹಾಗಿಲ್ಲ. ಯಾವ ಅಂಕಿ ಯಾವ ಮಗುವಿನದು ಅಂತ ಗೊತ್ತಾಗಿಬಿಡುತ್ತದೆ ಅಂತ ನಿಯಮ. ಅಂಥ ಚೌಕಗಳೂ ಕೆನೆಬಣ್ಣದಲ್ಲೇ ಇವೆ. ನಿಮ್ಮ ಚೌಕದಲ್ಲಿ ಪರೀಕ್ಷೆಯಾದದ್ದು ಮೂರೇ ಮಕ್ಕಳಿಗೆ. ನಕ್ಷೆಯ ಕೆಳಗೆ ಅಡಿಟಿಪ್ಪಣಿಯಲ್ಲಿ ಇದೆಲ್ಲ ಬರೆದಿದೆ. ನಕ್ಷೆ ಮಾಡಿಸಿದ ದತ್ತಿ ಸಂಸ್ಥೆಯವರು ಒಪ್ಪಿದ್ದು ಹಾಗೆಯೇ. ನಮ್ಮ ಕಸುಬಿನಲ್ಲಿ ಅನೇಕರು ಹೀಗೇ ಮಾಡುತ್ತಾರೆ.

ಫಲಿತಾಂಶ ಬಂದ ಕೂಡಲೇ ತಿಳಿಸು.

ಕಾರ್ಲಿಸ್


ಟಾಲ್ಮನ್ ಫೆರಿ
ಏಪ್ರಿಲ್ 20, 2018

ಕಾರ್ಲಿಸ್,

ಶನೆಲ್‌ಗೆ ಕೆಲಸದಲ್ಲಿ ರಜೆ ಕೊಡಲಿಲ್ಲ. ಅವಳ ಸಹಿ ಹಾಕಿಸಿಕೊಂಡು, ಎರಡು ಬಸ್ ಬದಲಿಸಿ, ನಾನೇ ಮಗುವನ್ನು ಕರೆದುಕೊಂಡು ಹೋದೆ. ಸೂಜಿ ಚುಚ್ಚಿದಾಗ ನೈಲಾ ಅಳಲಿಲ್ಲ. ನನ್ನ ಮುಖ ನೋಡುತ್ತಿದ್ದಳು.

ಹತ್ತೊಂಬತ್ತು. ಐದು ದಾಟಿದರೇ ಚಿಂತಿಸಬೇಕಂತೆ.

ಮನೆಗೆ ಬಂದು ಭೂತಗನ್ನಡಿ ಹಿಡಿದು ನಿನ್ನ ಅಡಿಟಿಪ್ಪಣಿ ಓದಿದೆ. ಇರುವೆ ಸಾಲಿನಂಥ ಅಕ್ಷರ. ನಮ್ಮ ಬೀದಿಯ ಮಕ್ಕಳನ್ನು ಅಲ್ಲಿ ಹೂತಿಟ್ಟಿದ್ದೀಯ.

ನಮ್ಮ ಕಾರ್ಖಾನೆಯಲ್ಲಿ ಗೋಡೆಯುದ್ದಕ್ಕೂ ಕೊಕ್ಕೆಗಳಿದ್ದವು. ಕಲಸಿದ ಒಂದೊಂದು ಪಾತ್ರೆ ಬಣ್ಣಕ್ಕೆ ಅದನ್ನೇ ಬಳಿದ ಒಂದೊಂದು ತಗಡು ತೂಗುಹಾಕುತ್ತಿದ್ದೆವು. ಯಾವುದಾದರೂ ಪಾತ್ರೆಯ ಮಾದರಿ ಬರದಿದ್ದರೆ ಕೊಕ್ಕೆಯನ್ನು ಖಾಲಿ ಬಿಟ್ಟು ಕೆಂಪು ಚೀಟಿ ಕಟ್ಟುತ್ತಿದ್ದೆವು. ಬಂದಿಲ್ಲ, ನೋಡಿಲ್ಲ, ಅಷ್ಟೇ ಅದರ ಅರ್ಥ. ಒಂದು ಸಲ ಹೊಸಬನೊಬ್ಬ ಸಾಲು ಚಂದ ಕಾಣಲಿ ಅಂತ ಖಾಲಿ ಕೊಕ್ಕೆಗೆ ಬಿಳಿ ತಗಡು ಹಾಕಿದ. ನಮ್ಮ ಮೇಸ್ತ್ರಿ ಬೈಯಲಿಲ್ಲ, ಅವನ ಕೋಟು ತಂದು ಕೈಗೆ ಕೊಟ್ಟು ಬಾಗಿಲು ತೋರಿಸಿದ. ಅದು ಕಾರಿನ ಬಾಗಿಲಿಗೆ ಹಚ್ಚುವ ಬಣ್ಣ, ಕಾರ್ಲಿಸ್. ಕಾರಿನ ಬಾಗಿಲಿಗೆ ನಾವು ಅಷ್ಟು ಮರ್ಯಾದೆ ಕೊಟ್ಟೆವು.

ಪರೀಕ್ಷೆ ಇಲ್ಲ, ಅದಕ್ಕೆ ತಿಳಿ. ತಿಳಿ ಇದೆ, ಅದಕ್ಕೆ ಪರೀಕ್ಷೆ ಇಲ್ಲ. ಬಡವರ ಬೀದಿಯನ್ನು ಈ ಗಾಣಕ್ಕೆ ಕಟ್ಟಿದವರು ಯಾರು? ದತ್ತಿಯವರು ಒಪ್ಪಿದರು, ಕಸುಬಿನವರು ಮಾಡುತ್ತಾರೆ, ಇದೆಲ್ಲ ನನಗೆ ಬೇಡ. ಆ ಬಣ್ಣ ಆರಿಸಿದ ಕೈ ಯಾರದು? ಅದೊಂದಕ್ಕೆ ಉತ್ತರ ಬರೆ.

ವರ್ನೆಲ್ ಗೇದರ್


ಟಾಲ್ಮನ್ ಫೆರಿ
ಮೇ 12, 2018

ಪುಟ್ಟಿ,

ಮೂರು ವಾರವಾಯಿತು, ನೀನು ಬರೆದಿಲ್ಲ. ಬೇಕಾದರೆ ಬರೆಯಬೇಡ. ನಾನೇ ಬರೆಯಬೇಕಾದ್ದೊಂದು ಉಳಿದಿದೆ.

ಕೌಂಟಿಯ ಆರೋಗ್ಯ ಇಲಾಖೆಯಿಂದ ಒಬ್ಬ ಬಂದು ಮನೆಯೆಲ್ಲ ಸೀಸ ಅಳೆಯುವ ಯಂತ್ರ ಹಿಡಿದು ನೋಡಿದ. ಕೆಳಗೆ ಅಷ್ಟೇನಿಲ್ಲ. ಮಹಡಿಯ ಹಿಂದಿನ ಕೋಣೆಯ ಕಿಟಕಿಕಟ್ಟೆಗೆ ಹಿಡಿದಾಗ ಅವನ ಮುಖ ಬದಲಾಯಿತು. ಕಟ್ಟೆಯ ಅಂಚಿನಲ್ಲಿ ನೈಲಾಳ ಹಲ್ಲಿನ ಗುರುತು.

ಆ ಕೋಣೆಯ ಹಳದಿ ಬಣ್ಣ ನಿನಗೆ ನೆನಪಿರಬೇಕು. ನಿನ್ನ ಅಮ್ಮ ಹೋದ ಮೇಲೆ ಆರು ವರ್ಷದವಳು ಒಂದು ಚೀಲ ಹಿಡಿದು ನನ್ನ ಬಾಗಿಲಿಗೆ ಬಂದೆ. ವಾರವಿಡೀ ಮಾತಾಡಲಿಲ್ಲ. ಎಂಟನೆಯ ದಿನ ಕೇಳಿದ್ದು ಒಂದೇ, ಕೋಣೆ ಹಳದಿ ಮಾಡುತ್ತೀಯಾ ಅಂತ. ಟ್ಯಾಕ್ಸಿಗೆ ಬಳಿಯುವ ಹಳದಿಯ ಎರಡು ಡಬ್ಬಿ ಕಾರ್ಖಾನೆಯಲ್ಲಿ ಮಿಕ್ಕಿತ್ತು. ಅದರ ಹೊಳಪಿಗೆ ಕಾರಣ ಸೀಸ ಅಂತ ಊರಿಗೆಲ್ಲ ಗೊತ್ತಿಲ್ಲದಿರಬಹುದು, ನನಗೆ ಗೊತ್ತಿತ್ತು. ಒಣಗಿದ ಮೇಲೆ ಏನಾಗುತ್ತದೆ ಅಂದುಕೊಂಡೆ. ಕೋಟಿನೊಳಗೆ ಬಚ್ಚಿಟ್ಟು ತಂದು ಎರಡು ದಿನ ಕೂತು ಗೋಡೆ, ಕಿಟಕಿಕಟ್ಟೆ ಎಲ್ಲ ಬಳಿದೆ. ನೀನು ಮೊದಲ ಸಲ ನಕ್ಕೆ.

ಬಣ್ಣ ಆರಿಸಿದ ಕೈ ಯಾರದು ಅಂತ ನಿನ್ನನ್ನು ಕೇಳಿದೆನಲ್ಲ. ನನ್ನ ಕೈ ಇದು. ಶನೆಲ್‌ಗೆ ಹೇಳಿದ್ದೇನೆ. ಎರಡು ದಿನ ಅವಳು ನನ್ನ ಕಡೆ ನೋಡಲಿಲ್ಲ. ಮೂರನೆಯ ದಿನ ನೈಲಾಳನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿ, ನಾನು ಕೆಲಸಕ್ಕೆ ಹೋಗಬೇಕು, ಮೊಟ್ಟೆ ತಿನ್ನಿಸು ಅಂದಳು. ಅವರಿಬ್ಬರೂ ಈಗ ಕೆಳಗೆ ನನ್ನ ಜೊತೆಗೇ ಇದ್ದಾರೆ. ಸೀಸ ಇಳಿಯಲಿ ಅಂತ ಡಾಕ್ಟರು ಹೇಳಿದ ಊಟ, ಮೊಟ್ಟೆ, ಹಾಲು, ಕಿತ್ತಳೆ, ಸೊಪ್ಪು. ಸೊಪ್ಪನ್ನು ನನ್ನ ಮುಖಕ್ಕೇ ಉಗುಳುತ್ತಾಳೆ.

ನೀನೂ ಆ ಕಟ್ಟೆಗೆ ಗಲ್ಲವಿಟ್ಟು ಕೂರುತ್ತಿದ್ದೆ.

ದೊಡ್ಡಮ್ಮ


ಶಿಕಾಗೊ
ಮೇ 19, 2018

ದೊಡ್ಡಮ್ಮ,

ನಾಲ್ಕು ಸಲ ಬರೆದು ಹರಿದೆ. ಪ್ರತಿ ಸಲವೂ ಕಾಗದದಲ್ಲಿ ಬೇರೆ ಯಾರೋ ತಪ್ಪು ಮಾಡಿರುತ್ತಿದ್ದರು.

ಆರಿಸಿದ್ದು ನಾನು. ಮೊದಲು ಸಾಕಷ್ಟು ಪರೀಕ್ಷೆಯಾಗದ ಚೌಕಗಳಿಗೆಲ್ಲ ಬೂದು ಓರೆಗೆರೆ ಎಳೆದಿದ್ದೆ. ದತ್ತಿಯ ಹೆಂಗಸೊಬ್ಬಳು ನೋಡಿ, ನಕ್ಷೆಗೆ ತುರಿಕಜ್ಜಿ ಹತ್ತಿದಂತಿದೆ, ಇಷ್ಟೊಂದು ಕಡೆ ನಮಗೇನೂ ಗೊತ್ತಿಲ್ಲ ಅಂತ ಕಾಣುತ್ತದಲ್ಲ ಅಂದಳು. ಅವರಿಗೆ ಗೊತ್ತಿಲ್ಲದ್ದು ನಿಜವೇ ಆಗಿತ್ತು. ತೆಗೆ ಅಂತ ಅವಳು ಹೇಳಲಿಲ್ಲ. ನಾನೇ ಊಟಕ್ಕೆ ಏಳುವ ಮೊದಲು ಎಲ್ಲವನ್ನೂ ಕೆನೆಗೆ ತಿರುಗಿಸಿ, ಅಡಿಟಿಪ್ಪಣಿ ಬರೆದೆ. ನಕ್ಷೆ ಒಮ್ಮೆಲೇ ಸುಂದರವಾಯಿತು. ಕೆನೆಗೆ ತಿರುಗಿಸಿದ ಚೌಕಗಳ ಪಟ್ಟಿಯಲ್ಲಿ ನಿಮ್ಮದೂ ಇತ್ತು. ನಾನು ಪಟ್ಟಿ ಓದಲೇ ಇಲ್ಲ. ನೀನು ಮಾರ್ಚಿನಲ್ಲಿ ಬರೆದಾಗ ತೆರೆದು ನೋಡಿದೆ. ಆಗಲೇ ಹೇಳಬೇಕಿತ್ತು. ಆವಿಗೆ ಹಾಳಾಗುತ್ತದೆ ಅಂತ ಬರೆದೆ.

ಇಂಗ್ರಮ್‌ಗೆ ಹೇಳಿದ್ದೇನೆ. ಜೂನ್ ಮುಗಿಯಲಿ, ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ತಿದ್ದೋಣ, ವೇದಿಕೆಯ ಮೇಲೆ ಬಾಯಿಬಿಟ್ಟರೆ ನಿನ್ನ ಮೇಜು ಖಾಲಿಯಾಗುತ್ತದೆ ಅಂದ. ಕೂಗಾಡಲಿಲ್ಲ. ಕಾಫಿ ಹಿಡಿದುಕೊಂಡು ಮೆಲ್ಲಗೆ ಹೇಳಿದ. ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಹಳದಿಯ ಮಾತು. ಆ ಮನೆಯಲ್ಲಿ ನನ್ನದು ಅಂತ ನನಗೆ ಅನ್ನಿಸಿದ ಮೊದಲ ವಸ್ತು ಆ ಗೋಡೆ. ಅದನ್ನು ಕೊಟ್ಟದ್ದಕ್ಕೆ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಿಸಿದೆ. ಆಗಲಿಲ್ಲ.

ಪುಟ್ಟಿ


ಟಾಲ್ಮನ್ ಫೆರಿ
ಮೇ 27, 2018

ನನ್ನ ಪುಟ್ಟಿ,

ನಿನ್ನ ಕಾಗದವನ್ನು ಶನೆಲ್‌ಗೂ ಓದಿ ಹೇಳಿದೆ. ಕಾರ್ಲಿಸ್ ಇಲ್ಲಿಗೇ ಬಂದು ಇದನ್ನು ನನ್ನ ಮುಂದೆ ಹೇಳಲಿ ಅಂದಳು. ಅದು ನಿನ್ನ ಮತ್ತು ಅವಳ ಮಧ್ಯೆ. ನಾನು ರಾಜಿ ಮಾಡಿಸುವುದಿಲ್ಲ.

ಇಲ್ಲಿನ ಸುದ್ದಿ ಕೇಳು. ಚರ್ಚಿನಲ್ಲಿ ಮತ್ತೆ ಎದ್ದು ನಿಂತೆ. ನಾನು ಹೇಳಿದ್ದು ಸುಳ್ಳು, ನಮ್ಮ ಬೀದಿ ತಿಳಿಯಲ್ಲ, ನಮ್ಮನ್ನು ಯಾರೂ ನೋಡೇ ಇಲ್ಲ ಅಂದೆ. ಕಾರ್ಖಾನೆಯ ಮುಷ್ಕರವಾದ ಮೇಲೆ ನನ್ನ ಗಂಟಲು ಅಷ್ಟು ದೊಡ್ಡದಾದದ್ದು ಇದೇ ಮೊದಲು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಇಪ್ಪತ್ತಾರು ಹೆಂಗಸರು ನಲವತ್ತು ಮಕ್ಕಳನ್ನು ಕಟ್ಟಿಕೊಂಡು ಕ್ಲಿನಿಕ್ಕಿನಲ್ಲಿ ಕೂತೆವು. ಕುರ್ಚಿ ಸಾಲದೆ ನೆಲದ ಮೇಲೆ. ಪ್ರೂಯಿಟ್ ಮೊದಲು ಪೊಲೀಸರನ್ನು ಕರೆಯುತ್ತೇನೆ ಅಂದಳು. ಕರೆಯಮ್ಮ, ಅವರ ಮಕ್ಕಳನ್ನೂ ಪರೀಕ್ಷೆ ಮಾಡಿಸೋಣ ಅಂದೆ. ಆಮೇಲೆ ನೈಲಾಳ ಹತ್ತೊಂಬತ್ತರ ಕಾಗದವನ್ನು ಅವಳ ಮುಂದಿಟ್ಟೆ. ಅವಳು ಕೆಟ್ಟವಳಲ್ಲ. ಅದನ್ನು ಓದಿ, ಗೋಡೆಯ ಹತ್ತಿರ ಹೋಗಿ, ನಕ್ಷೆಯ ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ಕಿತ್ತಳು. ಪೊಟ್ಟಣ ತರಿಸುತ್ತೇನೆ ಅಂತ ಬರೆದುಕೊಟ್ಟಿದ್ದಾಳೆ.

ಮಿನಿಯಾಪೊಲಿಸ್‌ನಲ್ಲಿ ಏನು ಹೇಳಬೇಕು ಅಂತ ನನ್ನನ್ನು ಕೇಳಬೇಡ. ನಿನ್ನ ಅನ್ನ ಕಳೆದುಕೋ ಅಂತ ಹೇಳುವ ಹಕ್ಕು ನನಗಿಲ್ಲ. ಕ್ಷಮೆ ಕೇಳುವುದೂ ಬೇಡ. ವೇದಿಕೆಯ ಮೇಲೆ ಅತ್ತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ, ಬೀದಿ ಹಾಗೇ ಇರುತ್ತದೆ.

ನನಗೆ ಬೇಕಾದದ್ದು ಆ ಪಟ್ಟಿ. ನೀನು ಓದದೇ ಬಿಟ್ಟ ಪಟ್ಟಿ. ಎಷ್ಟು ಚೌಕಗಳಿವೆ ಅದರಲ್ಲಿ? ನಮ್ಮ ಬೀದಿಗೆ ನಾನಿದ್ದೆ, ಸುಳ್ಳೋ ನಿಜವೋ ಕೂಗುವುದಕ್ಕೆ. ಉಳಿದ ಬೀದಿಗಳಿಗೆ ಯಾರಿದ್ದಾರೆ?

ಊಟ ಬಿಡಬೇಡ. ನೀನು ಹೆದರಿದಾಗ ಊಟ ಬಿಡುತ್ತೀ, ನನಗೆ ಗೊತ್ತು.

ದೊಡ್ಡಮ್ಮ


ಮಿನಿಯಾಪೊಲಿಸ್
ಜೂನ್ 14, 2018

ದೊಡ್ಡಮ್ಮ,

ಮಾತು ಮುಗಿದು ಒಂದು ಗಂಟೆಯಾಯಿತು. ಸಭಾಂಗಣದ ಹೊರಗೆ ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸಹಿಸಿಕೋ.

ಎಂಟುನೂರು ಜನ. ಎಲ್ಲರೂ ಬಣ್ಣವನ್ನೇ ಅರೆದು ಕುಡಿದವರು. ನಕ್ಷೆಯನ್ನು ಪರದೆಯ ಮೇಲೆ ಹಾಕಿ, ಅಡಿಟಿಪ್ಪಣಿಯನ್ನು ಅದು ಇದ್ದ ಗಾತ್ರದಲ್ಲೇ ಬಿಟ್ಟು, ಐದು ಚೌಕಗಳಿಗೆ ಒಂದರಿಂದ ಐದರವರೆಗೆ ಗುರುತಿನ ಸಂಖ್ಯೆ ಕೊಟ್ಟೆ. ನಿಮಗೆ ಎರಡು ವರ್ಷದ ಮಗುವಿದ್ದರೆ ಯಾವ ಚೌಕದಲ್ಲಿ ಮನೆ ಮಾಡುತ್ತೀರಿ ಅಂತ ಕೇಳಿದೆ. ಮೂರು ಅಂದಾಗ ಹೆಚ್ಚೂಕಮ್ಮಿ ಎಲ್ಲ ಕೈಗಳೂ ಎದ್ದವು. ಮೂರು ನಮ್ಮ ಕ್ವಿನ್ಸ್ ಬೀದಿ.

ಕೈ ಇಳಿಸಬೇಡಿ ಅಂದೆ. ಅವರ ಕೈ ಮೇಲಿರುವಾಗಲೇ ಉಳಿದದ್ದನ್ನು ಹೇಳಿದೆ. ಅಲ್ಲಿ ಪರೀಕ್ಷೆಯಾದದ್ದು ಎಷ್ಟು ಕಮ್ಮಿ, ಕ್ಲಿನಿಕ್ಕು ಒಂದು ಮಗುವನ್ನು ಯಾಕೆ ವಾಪಸು ಕಳಿಸಿತು, ಆಮೇಲೆ ಬಂದ ಹತ್ತೊಂಬತ್ತು. ನೈಲಾಳ ಹೆಸರು ಹೇಳಲಿಲ್ಲ. ಶನೆಲ್‌ಳನ್ನು ಕೇಳಿರಲಿಲ್ಲ. ಒಂದೊಂದೇ ಕೈ ಇಳಿಯಿತು. ಬಣ್ಣ ಆರಿಸಿದವಳು ನಾನೇ ಅಂದೆ. ಅಳಲಿಲ್ಲ.

ಕೊಕ್ಕೆಯ ಕಥೆಯನ್ನೂ ಹೇಳಿದೆ. ಇದನ್ನು ನನಗೆ ಕಲಿಸಿದವರು ವರ್ನೆಲ್ ಗೇದರ್, ಬಣ್ಣ ಹೊಂದಿಸುವ ವಿಭಾಗ, ಮೂವತ್ತೊಂದು ವರ್ಷ, ನನ್ನ ದೊಡ್ಡಮ್ಮ ಅಂದೆ. ನಾಲ್ಕನೆಯ ಸಾಲಿನ ಒಬ್ಬಾಕೆ ಹೆಸರಿನ ಕಾಗುಣಿತ ಕೇಳಿ ಬರೆದುಕೊಂಡಳು.

ಪಟ್ಟಿಯಲ್ಲಿ ನೂರ ಎಂಬತ್ತೇಳು ಚೌಕಗಳಿವೆ. ಅಂಕಿಗಳನ್ನು ಹೊರಹಾಕುವ ಹಾಗಿಲ್ಲ. ಆದರೆ ಸಾಕಷ್ಟು ಪರೀಕ್ಷೆ ಆಗಿಲ್ಲ ಅನ್ನುವ ಚೌಕಗಳ ಹೆಸರಿಗೆ ಯಾವ ಅಡ್ಡಿಯೂ ಇಲ್ಲ. ಅದನ್ನು ಸಾವಿರ ಪ್ರತಿ ಅಚ್ಚು ಹಾಕಿಸಿದ್ದೆ, ಜೊತೆಗೆ ಆಯಾ ಊರಿನ ಕ್ಲಿನಿಕ್ಕುಗಳ ವಿಳಾಸ. ಸಂಪರ್ಕಕ್ಕೆ ನಿನ್ನ ವಿಳಾಸ ಕೊಟ್ಟಿದ್ದೇನೆ. ಕೇಳದೆ ಕೊಟ್ಟೆ, ಬೈದುಕೋ. ಬಾಗಿಲಲ್ಲಿ ನಿಂತು ಹಂಚಿದೆ. ಕೆಲವರು ನನ್ನನ್ನು ತಪ್ಪಿಸಿ ಬೇರೆ ಬಾಗಿಲಿನಿಂದ ಹೋದರು. ಉಳಿದವರು ತೆಗೆದುಕೊಂಡರು. ನರೆತ ಕೂದಲಿನ ಒಬ್ಬರು ನಿಂತು, ನಾನೂ ಹೀಗೆ ಮಾಡಿದ್ದೇನೆ, ಯಾವ ಊರಿಗೆ ಅಂತಲೂ ಈಗ ನೆನಪಿಲ್ಲ ಅಂದರು. ಅವರ ಕೈಗೆ ಪಟ್ಟಿಯ ಎರಡು ಪ್ರತಿ ಕೊಟ್ಟೆ.

ಇಂಗ್ರಮ್ ಮೂರನೆಯ ಸಾಲಿನಲ್ಲಿದ್ದ. ಅರ್ಧದಲ್ಲೇ ಎದ್ದು ಹೋದ. ಸೋಮವಾರ ನನ್ನ ಸಾಮಾನು ಪೆಟ್ಟಿಗೆಗೆ ತುಂಬುವುದೊಂದು ಬಾಕಿ. ಜುಲೈ ಕೊನೆಯಲ್ಲಿ ಬರುತ್ತೇನೆ. ಶನೆಲ್‌ಗೆ ಹೇಳು, ಎದುರು ಕೂತು ಹೇಳುವುದಕ್ಕೇ ಬರುತ್ತಿದ್ದೇನೆ ಅಂತ.

ಬೆಳಿಗ್ಗೆ ಹೊಟ್ಟೆ ತುಂಬ ತಿಂದೇ ಹೋಗಿದ್ದೆ.

ನಿನ್ನ ಪುಟ್ಟಿ


ಟಾಲ್ಮನ್ ಫೆರಿ
ಜುಲೈ 22, 2018

ಪುಟ್ಟಿ,

ನೈಲಾಗೆ ಎರಡನೆಯ ಪರೀಕ್ಷೆಯಾಯಿತು. ಹದಿನೈದು. ಇಳಿಯುವುದು ನಿಧಾನ, ಆದ ಹಾನಿ ಎಷ್ಟು ಅಂತ ಶಾಲೆಗೆ ಹೋಗುವವರೆಗೆ ಗೊತ್ತಾಗುವುದಿಲ್ಲ ಅಂತ ಡಾಕ್ಟರು ಮುಖ ತಿರುಗಿಸದೆ ಹೇಳಿದರು. ಮುಖ ತಿರುಗಿಸದ್ದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಿದೆ. ಶನೆಲ್ ಬಸ್ಸಿನಲ್ಲಿ ಅತ್ತಳು, ನೈಲಾ ಅವಳ ಕಿವಿಯ ಓಲೆ ಎಳೆಯುತ್ತಾ ಕೂತಿದ್ದಳು.

ಪ್ರೂಯಿಟ್ ಮಾತು ಉಳಿಸಿಕೊಂಡಳು. ಮನೆ ಮನೆಗೆ ತಾನೇ ಬಂದಳು. ನಮ್ಮ ಚೌಕದಲ್ಲಿ ಐವತ್ತೆಂಟು ಮಕ್ಕಳ ರಕ್ತ ನೋಡಿದ್ದಾರೆ. ಇಪ್ಪತ್ತೊಂದು ಮಕ್ಕಳದು ಐದು ದಾಟಿದೆ. ನಮಗೀಗ ನಕ್ಷೆಯಲ್ಲಿ ಎಲ್ಲಕ್ಕಿಂತ ಗಾಢ ಬಣ್ಣ ಬರುತ್ತದಂತೆ. ಬೀದಿಯ ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ನಮ್ಮ ಮನೆಗಳ ಬೆಲೆ ಬಿತ್ತು ಅಂತ. ಬಿಡಲಿ. ಅವರಲ್ಲೊಬ್ಬಳ ಮೊಮ್ಮಗಳನ್ನು ನಾನೇ ಹಿಡಿದು ಕೂರಿಸಿ ರಕ್ತ ಕೊಡಿಸಿದೆ. ಮಾತು ಬಿಟ್ಟವಳು ಬಾಗಿಲು ತೆರೆದಿಟ್ಟಿದ್ದಳು.

ಈಗ ಮುಖ್ಯ ವಿಷಯ. ನೀನು ನನ್ನ ವಿಳಾಸ ಹಂಚಿದ್ದಕ್ಕೆ ಬೈಯೋಣ ಅಂತಿದ್ದೆ. ನಿನ್ನೆ ಒಂದು ಕಾಗದ ಬಂತು. ನದಿಯ ಕೆಳಹರಿವಿನ ಗ್ರೇವ್ಸ್ ಲ್ಯಾಂಡಿಂಗ್ ಎಂಬ ಊರಿನಿಂದ, ಇಮೆಲ್ಡಾ ಸೊಟೊ ಅನ್ನುವಾಕೆ. ನಿನ್ನ ಸಮ್ಮೇಳನಕ್ಕೆ ಬಂದಿದ್ದ ಯಾರೋ ಆ ಪಟ್ಟಿಯನ್ನು ಅಲ್ಲಿನ ಗ್ರಂಥಾಲಯದ ಬಾಗಿಲಿಗೆ ಅಂಟಿಸಿ ಹೋಗಿದ್ದಾರೆ. ಅವಳ ಬೀದಿ ಅದರಲ್ಲಿದೆ. ಅವಳ ಪುಟ್ಟ ಮಗನ ರಕ್ತದಲ್ಲಿ ಸೀಸ ಇಪ್ಪತ್ತಮೂರು. ಅಲ್ಲಿನ ಕ್ಲಿನಿಕ್ಕಿನಲ್ಲಿ ಇದೊಂದು ಮಗುವಿನ ಕಥೆ, ಬೀದಿಯದಲ್ಲ ಅನ್ನುತ್ತಿದ್ದಾರಂತೆ. ಕೊನೆಯ ಸಾಲು ಇಷ್ಟೇ: ನೀವು ಮೊದಲ ದಿನ ಏನು ಮಾಡಿದಿರಿ?

ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಲಾಗುವುದಿಲ್ಲ. ಗುರುವಾರದ ಬಸ್ಸಿಗೆ ನಾನು ಮತ್ತು ಶನೆಲ್ ಹೊರಡುತ್ತೇವೆ, ನೈಲಾಳನ್ನೂ ಎತ್ತಿಕೊಂಡು. ನೀನು ಇಲ್ಲಿಗೆ ಬರಬೇಡ. ನೇರ ಅಲ್ಲಿಗೇ ಬಾ. ಶನೆಲ್‌ಗೆ ಹೇಳಬೇಕಾದ್ದನ್ನು ಅಲ್ಲೇ ಹೇಳು, ಅವಳು ಒಪ್ಪಿದ್ದಾಳೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಕಾಯುತ್ತೇವೆ.

ಗಟ್ಟಿ ಚಪ್ಪಲಿ ಹಾಕಿಕೊಂಡು ಬಾ. ಇಮೆಲ್ಡಾಳ ಬೀದಿಯಲ್ಲಿ ಮಕ್ಕಳು ಎಷ್ಟಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಮೊದಲ ಬಾಗಿಲು ನೀನೇ ತಟ್ಟು.

ದೊಡ್ಡಮ್ಮ